ಕಾಲೇಜು ವಿದ್ಯಾರ್ಥಿಗೆ ಎಂಥ ಲ್ಯಾಪ್‌ಟಾಪ್?

ದ್ವಿತೀಯ ಪಿಯುಸಿ ಫಲಿತಾಂಶ ಬಂದು, ಸೀಟು ಹಂಚಿಕೆ ಮುಗಿದು, ಹಾಸ್ಟೆಲಿಗೆ ಹಾಸಿಗೆ, ಬಕೆಟ್ಟು ಕೊಳ್ಳುವ ಹೊತ್ತಿಗೆ ಮನೆಯಲ್ಲಿ ಮತ್ತೊಂದು ಮಾತು ಏಳುತ್ತದೆ: ಲ್ಯಾಪ್‌ಟಾಪ್ ಯಾವುದು ಕೊಡಿಸುವುದು? ಎಷ್ಟೋ ಮನೆಗಳಲ್ಲಿ ದ್ವಿಚಕ್ರ ವಾಹನವನ್ನು ಬಿಟ್ಟರೆ ಒಂದೇ ಸಲಕ್ಕೆ ಅಷ್ಟು ಹಣ ತೆತ್ತು ಕೊಳ್ಳುವ ವಸ್ತು ಇದೇ. ಅಡಿಕೆಯೋ ಹತ್ತಿಯೋ ಮಾರಿ ಬಂದ ಹಣ, ಇಲ್ಲವೇ ಶಿಕ್ಷಣ ಸಾಲದ ಒಂದು ಭಾಗ ಇದಕ್ಕೆ ಹೋಗುತ್ತದೆ. ಕೊಂಡ ಯಂತ್ರ ಮೂರು ಅಥವಾ ನಾಲ್ಕು ವರ್ಷ ದುಡಿಯಬೇಕು. ಸರಿಯಿಲ್ಲವೆಂದು ನಡುವೆ ಬದಲಾಯಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದರೂ ಆಯ್ಕೆ ನಡೆಯುವುದು ಬಹುಪಾಲು ಮುಚ್ಚಳದ ಬಣ್ಣ, ಅಂಗೈ ಇಡುವ ಜಾಗದಲ್ಲಿ ಅಂಟಿಸಿದ ಚೀಟಿ ಮತ್ತು ಅಂಗಡಿಯವರ ಮಾತಿನ ಮೇಲೆ.

"ಯಾವ ಕಂಪನಿಯದು ಒಳ್ಳೆಯದು?" ಎಂಬುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಈ ಪ್ರಶ್ನೆಗೆ ಉಪಯುಕ್ತವಾದ ಉತ್ತರವಿಲ್ಲ. ಒಂದೇ ಕಂಪನಿ ಎರಡು ವರ್ಷಕ್ಕೇ ಕೀಲು ಸಡಿಲವಾಗುವ ಅಗ್ಗದ ಮಾದರಿಯನ್ನೂ ಹತ್ತು ವರ್ಷ ಬಾಳುವ ಗಟ್ಟಿ ಮಾದರಿಯನ್ನೂ ತಯಾರಿಸುತ್ತದೆ. ಒಳಗಿನ ಮುಖ್ಯ ಭಾಗಗಳಂತೂ ಎಲ್ಲರ ಯಂತ್ರದಲ್ಲೂ ಬೆರಳೆಣಿಕೆಯ ತಯಾರಕರವೇ. ಆದ್ದರಿಂದ ನೀವು ಕೇಳಬೇಕಾದದ್ದು, "ನನ್ನ ಓದಿಗೆ ಈ ಯಂತ್ರ ಏನು ಮಾಡಬೇಕು?" ಎಂದು.

ಬಿ.ಎ., ಬಿ.ಕಾಂ., ಬಿ.ಬಿ.ಎ. ಓದುವವರಿಗೆ ಬೇಕಾಗುವುದು ಬರವಣಿಗೆ, ಲೆಕ್ಕದ ಹಾಳೆ, ಅಂತರಜಾಲ, ವಿಡಿಯೋ ಪಾಠ, ವಾಣಿಜ್ಯದವರಾದರೆ ಟ್ಯಾಲಿ. ಇಷ್ಟನ್ನು ಇಂದಿನ ಸಾಧಾರಣ ಯಂತ್ರವೂ ಸಲೀಸಾಗಿ ಮಾಡುತ್ತದೆ. ಬಿ.ಎಸ್ಸಿ.ಯವರಿಗೂ ಹೆಚ್ಚು ಕಡಿಮೆ ಇಷ್ಟೇ. ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗೆ ದುಬಾರಿ ಯಂತ್ರವೇ ಬೇಕೆಂಬ ನಂಬಿಕೆ ಬಲವಾಗಿದೆ, ಆದರೆ ಮೊದಲ ಎರಡು ವರ್ಷ ಬರೆಯುವ ಸಿ, ಪೈಥಾನ್ ಕ್ರಮವಿಧಿಗಳು ಹಳೆಯ ಗಣಕದಲ್ಲೂ ಕಣ್ಣು ಮಿಟುಕಿಸುವುದರೊಳಗೆ ಓಡುತ್ತವೆ. ನಿಜವಾಗಿ ಭಾರವಾದ ಕೆಲಸ ಇರುವುದು ಮೆಕ್ಯಾನಿಕಲ್, ಸಿವಿಲ್, ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ. ಸಾಲಿಡ್‌ವರ್ಕ್ಸ್, ಆನ್ಸಿಸ್, ರೆವಿಟ್‌ನಂತಹ ತಂತ್ರಾಂಶಗಳು ಸ್ಮೃತಿಯನ್ನೂ ಚಿತ್ರ ಸಂಸ್ಕಾರಕವನ್ನೂ ನುಂಗುತ್ತವೆ. ವಿಡಿಯೋ ಸಂಕಲನ, ಅನಿಮೇಷನ್ ಕಲಿಯುವವರದೂ ಇದೇ ಕಥೆ.

ಸಾಧ್ಯವಿದ್ದರೆ ಕಾಲೇಜು ಸೇರಿದ ಕೂಡಲೇ ಕೊಳ್ಳಬೇಡಿ. ಒಂದು ತಿಂಗಳು ಕಾಯಿರಿ. ನಿಮ್ಮ ವಿಭಾಗದ ಪ್ರಯೋಗಾಲಯದಲ್ಲಿ ಯಾವ ತಂತ್ರಾಂಶ ಬಳಸುತ್ತಾರೆ, ಮೂರನೆಯ ವರ್ಷದವರು ಏನು ಬಳಸುತ್ತಿದ್ದಾರೆ ಎಂಬುದನ್ನು ನೋಡಿ ಬನ್ನಿ. ಈ ವಿಚಾರಣೆಗೆ ಖರ್ಚಿಲ್ಲ, ಆದರೆ ಎಷ್ಟೋ ತಪ್ಪು ಖರೀದಿಗಳನ್ನು ಇದೊಂದೇ ತಡೆಯಬಲ್ಲದು. ಉದಾಹರಣೆಗೆ, ಸಾಲಿಡ್‌ವರ್ಕ್ಸ್, ಸ್ಟಾಡ್ ಪ್ರೊ, ಇಟ್ಯಾಬ್ಸ್, ಟ್ಯಾಲಿ ಇವೆಲ್ಲ ವಿಂಡೋಸ್‌ಗೆಂದೇ ಬರೆದವು. ಆಪಲ್ ಮ್ಯಾಕ್‌ಬುಕ್ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಇವು ನೇರವಾಗಿ ನಡೆಯುವುದಿಲ್ಲ. 2024ರಿಂದ ಸ್ನಾಪ್‌ಡ್ರ್ಯಾಗನ್ ಎಕ್ಸ್ ಸಂಸ್ಕಾರಕದ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಅಂಗಡಿಯಲ್ಲಿವೆ. ಅವುಗಳ ಬ್ಯಾಟರಿ ಬಾಳಿಕೆ ಸೊಗಸಾಗಿದೆ. ಆದರೆ ಅವುಗಳ ಒಳರಚನೆ ಇಂಟೆಲ್, ಎಎಮ್‌ಡಿ ಸಂಸ್ಕಾರಕಗಳಿಗಿಂತ ಬೇರೆ. ಹಳೆಯ ತಂತ್ರಾಂಶಗಳನ್ನು ಅನುವಾದಿಸಿಕೊಂಡು ನಡೆಸಬಲ್ಲವಾದರೂ, ಪ್ರಯೋಗಾಲಯದ ಉಪಕರಣಗಳನ್ನು ಜೋಡಿಸುವ ಚಾಲಕ ತಂತ್ರಾಂಶಗಳು ಆ ಸಂಸ್ಕಾರಕಕ್ಕೆಂದೇ ಬರೆದವಾಗಿರಬೇಕು. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ ಇದನ್ನು ಮೊದಲೇ ವಿಚಾರಿಸಬೇಕು.

ಚೀಟಿಯ ಮೇಲಿನ ಸಂಖ್ಯೆಗಳು

ಗಣಕದ ಲೆಕ್ಕಾಚಾರವೆಲ್ಲ ನಡೆಯುವುದು ಪ್ರೊಸೆಸರ್ ಎಂದು ನಾವು ಕರೆಯುವ ಸಂಸ್ಕಾರಕದಲ್ಲಿ. ಇದರ ಹೆಸರಿನಷ್ಟು ಗೊಂದಲ ಹುಟ್ಟಿಸುವ ಸಂಗತಿ ಇಡೀ ವ್ಯಾಪಾರದಲ್ಲಿ ಇನ್ನೊಂದಿಲ್ಲ. "ಐ7 ಇದೆ, ಕಣ್ಣು ಮುಚ್ಚಿ ತಗೊಳ್ಳಿ" ಎನ್ನುತ್ತಾರೆ. ಆದರೆ 3, 5, 7 ಎಂಬವು ದರ್ಜೆಯನ್ನು ಸೂಚಿಸುತ್ತವೆಯೇ ಹೊರತು ವೇಗವನ್ನಲ್ಲ. ಅದೂ ಒಂದೇ ಸಾಲಿನ, ಒಂದೇ ಪೀಳಿಗೆಯ ಸಂಸ್ಕಾರಕಗಳ ನಡುವಿನ ದರ್ಜೆ ಮಾತ್ರ.

ಇಂಟೆಲ್‌ನ 13ನೆಯ ಪೀಳಿಗೆಯ ಎರಡು ಸಂಸ್ಕಾರಕಗಳನ್ನು ನೋಡಿ. ಒಂದು ಐ7-1355ಯು, ಇನ್ನೊಂದು ಐ5-13500ಎಚ್. ಮೊದಲನೆಯದರಲ್ಲಿ ಬಲವಾದ ತಿರುಳುಗಳು 2, ಮಿತವ್ಯಯದ ತಿರುಳುಗಳು 8. ಎರಡನೆಯದರಲ್ಲಿ ಬಲವಾದವು 4, ಮಿತವ್ಯಯದವು 8. ದೀರ್ಘ ಕಾಲದ ಭಾರದ ಕೆಲಸದಲ್ಲಿ "ಐ5" ಎಂದು ಬರೆದದ್ದೇ ಮುಂದಿರುತ್ತದೆ. ಗುಟ್ಟು ಕೊನೆಯ ಅಕ್ಷರದಲ್ಲಿದೆ. ಯು ಎಂದಿದ್ದರೆ ಆ ಸಂಸ್ಕಾರಕದ ಮೂಲ ವಿದ್ಯುತ್ ಮಿತಿ 15 ವಾಟ್; ಎಚ್ ಎಂದಿದ್ದರೆ 45 ವಾಟ್. ಹಾಗೆಂದು ಎಚ್ ಎಲ್ಲರಿಗೂ ಒಳ್ಳೆಯದೆಂದಲ್ಲ. 45 ವಾಟ್ ತಿನ್ನುವ ಸಂಸ್ಕಾರಕ ಅಷ್ಟೇ ಶಾಖವನ್ನೂ ಹೊರಹಾಕಬೇಕು. ಅದಕ್ಕೆ ದೊಡ್ಡ ಫ್ಯಾನು, ದಪ್ಪ ಮೈ, ಹೆಚ್ಚು ತೂಕ ಬೇಕಾಗುತ್ತದೆ. ಬ್ಯಾಟರಿಯೂ ಬೇಗ ಬರಿದಾಗುತ್ತದೆ. ತರಗತಿಗೆ ಹೊತ್ತೊಯ್ದು ಟಿಪ್ಪಣಿ ಬರೆಯುವವರಿಗೆ ಯು ವರ್ಗವೇ ಹಿತ. ಭಾರದ ವಿನ್ಯಾಸ ತಂತ್ರಾಂಶ ಬಳಸುವವರು ಎಚ್ ವರ್ಗ ನೋಡಬೇಕು.

ಎಎಮ್‌ಡಿಯ ರೈಜೆನ್ ಸಂಸ್ಕಾರಕಗಳಲ್ಲಿ ಇನ್ನೊಂದು ಬಗೆಯ ಬಲೆ ಇದೆ. 2023ರಲ್ಲಿ ಬಂದ 7000 ಸರಣಿಯ ನಾಲ್ಕು ಅಂಕಿಗಳಲ್ಲಿ ಮೊದಲನೆಯದು ಬಿಡುಗಡೆಯ ವರ್ಷವನ್ನು ಹೇಳುತ್ತದೆ. ಒಳಗಿನ ವಿನ್ಯಾಸ ಯಾವ ಕಾಲದ್ದು ಎಂದು ಹೇಳುವುದು ಮೂರನೆಯ ಅಂಕಿ. ರೈಜೆನ್ 5 7520ಯು ಎಂಬುದರಲ್ಲಿ ಮೂರನೆಯ ಅಂಕಿ 2, ಅಂದರೆ 2019ರಲ್ಲಿ ಮೊದಲು ಬಂದ ಝೆನ್ 2 ವಿನ್ಯಾಸ, ತಿರುಳುಗಳು ನಾಲ್ಕೇ. ರೈಜೆನ್ 5 7530ಯು ಎಂಬುದು 2020ರ ಝೆನ್ 3, ತಿರುಳುಗಳು ಆರು. ರೈಜೆನ್ 5 7640ಯು ಎಂಬುದು 2022ರ ಝೆನ್ 4, ಇದರಲ್ಲೂ ಆರು. ಮೂರರ ಮೇಲೂ "ರೈಜೆನ್ 5, 7000 ಸರಣಿ" ಎಂದೇ ಇರುತ್ತದೆ! ಜಾಹೀರಾತಿನಲ್ಲಿ ಪೂರ್ಣ ಸಂಖ್ಯೆ ಕೊಡದೆ ಸರಣಿಯ ಹೆಸರನ್ನಷ್ಟೇ ಕೊಟ್ಟಿದ್ದರೆ ಅದಕ್ಕೆ ಕಾರಣವಿರುತ್ತದೆ ಎಂದು ತಿಳಿಯಿರಿ. ಇಂಟೆಲ್ ಕೂಡ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. "ಐ" ಅಕ್ಷರವನ್ನು ಕೈಬಿಟ್ಟು ಹೊಸ ಹೆಸರಿನಲ್ಲಿ ಬಂದ ಕೋರ್ 5 120ಯು ಮೂಲತಃ 13ನೆಯ ಪೀಳಿಗೆಯ ವಿನ್ಯಾಸದ್ದೇ. ಪೂರ್ಣ ಸಂಖ್ಯೆಯನ್ನು ಬರೆದುಕೊಂಡು ತಯಾರಕರ ತಾಣದಲ್ಲಿ ತಿರುಳುಗಳ ಸಂಖ್ಯೆ, ವಿದ್ಯುತ್ ಮಿತಿ ಈ ಎರಡನ್ನು ನೋಡಿದರೆ ಐದು ನಿಮಿಷದಲ್ಲಿ ಸತ್ಯ ತಿಳಿಯುತ್ತದೆ.

ಕೃತಕ ಬುದ್ಧಿಮತ್ತೆಗೆಂದು ಪ್ರತ್ಯೇಕ ಘಟಕವಿರುವ ಯಂತ್ರಗಳ ಪ್ರಚಾರವೂ ಈಗ ಜೋರಾಗಿದೆ. ನೀವು ಅಂತರಜಾಲದಲ್ಲಿ ಪ್ರಶ್ನೆ ಕೇಳುವ ಕೃತಕ ಬುದ್ಧಿಮತ್ತೆಯ ಸೇವೆಗಳು ನಡೆಯುವುದು ದೂರದ ದತ್ತಾಂಶ ಕೇಂದ್ರಗಳಲ್ಲಿ. ಅದಕ್ಕೆ ನಿಮ್ಮ ಯಂತ್ರದಲ್ಲಿ ವಿಶೇಷ ಘಟಕ ಬೇಕಿಲ್ಲ. ಅದು ತಾನಾಗಿ ಬಂದರೆ ಬರಲಿ, ಅದಕ್ಕೆಂದು ಹೆಚ್ಚು ಹಣ ಕೊಡುವ ಅಗತ್ಯ ವಿದ್ಯಾರ್ಥಿಗೆ ಇಲ್ಲ ಎಂದೇ ನನ್ನ ಅಭಿಪ್ರಾಯ.

ಮೇಜು ಮತ್ತು ಕಪಾಟು

ರ‍್ಯಾಮ್ ಎಂಬ ಸ್ಮೃತಿಯನ್ನು ಓದುವ ಮೇಜಿಗೂ, ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕನ್ನು ಪುಸ್ತಕದ ಕಪಾಟಿಗೂ ಹೋಲಿಸಬಹುದು. ಸದ್ಯ ಕೈಯಾಡಿಸುತ್ತಿರುವುದೆಲ್ಲ ಮೇಜಿನ ಮೇಲಿರಬೇಕು. ಮೇಜು ಚಿಕ್ಕದಾದರೆ ಒಂದು ಪುಸ್ತಕ ತೆರೆಯಲು ಇನ್ನೊಂದನ್ನು ಎತ್ತಿಡಬೇಕು. ಗಣಕವೂ ಹೀಗೆಯೇ, ಸ್ಮೃತಿ ತುಂಬಿದಾಗ ಅದರಲ್ಲಿದ್ದುದನ್ನು ಕಪಾಟಿಗೆ ಸಾಗಿಸಿ ಜಾಗ ಮಾಡಿಕೊಳ್ಳುತ್ತದೆ. ಎಷ್ಟೇ ವೇಗದ ಸಂಸ್ಕಾರಕವಿದ್ದರೂ ಆಗ ಯಂತ್ರ ತೆವಳುತ್ತದೆ. ನಿಧಾನವೆಂದು ದೂರು ಬರುವ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಬಾರಿ ಕೊರತೆ ಇರುವುದು ಸಂಸ್ಕಾರಕದಲ್ಲಲ್ಲ, ಮೇಜಿನ ಅಳತೆಯಲ್ಲಿ.

4 ಜಿಬಿ ಸ್ಮೃತಿಯ ಹೊಸ ಯಂತ್ರವನ್ನು ಯಾವ ಬೆಲೆಗೂ ಕೊಳ್ಳಬೇಡಿ. ವಿಂಡೋಸ್ 11 ಅದರಲ್ಲಿ ಏಳುತ್ತದೆ, ಕೂರುವುದಕ್ಕೆ ಜಾಗವಿರುವುದಿಲ್ಲ. ಬರವಣಿಗೆ, ಅಂತರಜಾಲಕ್ಕೆ 8 ಜಿಬಿ ನಡೆಯುತ್ತದೆ. ನಾಲ್ಕು ವರ್ಷ ಬಳಸುವ ಎಂಜಿನಿಯರಿಂಗ್ ವಿದ್ಯಾರ್ಥಿ 16 ಜಿಬಿಯನ್ನು ಗುರಿಯಾಗಿಟ್ಟುಕೊಳ್ಳಬೇಕು. ಪ್ರತ್ಯೇಕ ಚಿತ್ರ ಸಂಸ್ಕಾರಕವಿಲ್ಲದ ಯಂತ್ರಗಳಲ್ಲಿ ತೆರೆಯ ಚಿತ್ರಕ್ಕೆ ಬೇಕಾದ ಸ್ಮೃತಿಯೂ ಇದೇ ಮೇಜಿನಿಂದ ಹೋಗುತ್ತದೆ ಎಂಬುದು ನೆನಪಿರಲಿ.

ಇಲ್ಲಿ ಅಂಗಡಿಯವರನ್ನು ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: "ಸ್ಮೃತಿಯನ್ನು ಮುಂದೆ ಹೆಚ್ಚಿಸಬಹುದೇ?" ಹಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸ್ಮೃತಿಯ ಚಿಪ್‌ಗಳನ್ನು ಮುಖ್ಯ ಫಲಕಕ್ಕೇ ಬೆಸುಗೆ ಹಾಕಿರುತ್ತಾರೆ. ಕೊಂಡ ದಿನ 8 ಜಿಬಿ ಇದ್ದರೆ ಕೊನೆಯ ದಿನವೂ 8 ಜಿಬಿಯೇ. ಬೇರೆ ಕೆಲವು ಮಾದರಿಗಳಲ್ಲಿ ಖಾಲಿ ಕಿಂಡಿ ಇರುತ್ತದೆ. ಈಗ 8 ಜಿಬಿ ಕೊಂಡು ಎರಡು ವರ್ಷದ ಮೇಲೆ ಇನ್ನೊಂದು ತುಂಡು ಸೇರಿಸಬಹುದು. ಒಂದೇ ಅಳತೆಯ ಎರಡು ತುಂಡುಗಳಿದ್ದರೆ ಸಂಸ್ಕಾರಕಕ್ಕೂ ಸ್ಮೃತಿಗೂ ನಡುವಿನ ದಾರಿ ಇಮ್ಮಡಿ ಅಗಲವಾಗುತ್ತದೆ. ಚಿತ್ರದ ಕೆಲಸಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ "ಆಮೇಲೆ ಅಗ್ಗಕ್ಕೆ ಸಿಗುತ್ತದೆ" ಎಂಬ ಹಳೆಯ ಲೆಕ್ಕವನ್ನು ನೆಚ್ಚಬೇಡಿ. ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಸ್ಮೃತಿ ಚಿಪ್‌ಗಳ ಬೆಲೆ ತೀವ್ರವಾಗಿ ಏರಿತು.

ಕಪಾಟಿನ ವಿಷಯದಲ್ಲಿ ಈಗ ಹೆಚ್ಚು ಚರ್ಚೆಯಿಲ್ಲ, ಎಸ್‌ಎಸ್‌ಡಿ ಇರಲೇಬೇಕು. ಕಾರಣ ಸರಳ ಗಣಿತ. ಹಳೆಯ ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮೊನೆ ಸರಿಯಾದ ಪಥಕ್ಕೆ ಸರಿಯಲು ಇನ್ನೂ ಹತ್ತು ಮಿಲಿಸೆಕೆಂಡಿನಷ್ಟು. ಹೀಗೆ ಚದುರಿದ ಮಾಹಿತಿಯನ್ನು ಸೆಕೆಂಡಿಗೆ ಅರವತ್ತೆಪ್ಪತ್ತು ಬಾರಿಗಿಂತ ಹೆಚ್ಚು ಓದಲಾಗದು. ಗಣಕ ಏಳುವಾಗ ಓದಬೇಕಾದ ಚಿಕ್ಕ ಕಡತಗಳೋ ಸಾವಿರಾರು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇಂಥ ಓದನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಮಾಡುತ್ತದೆ. ಮನೆಯಲ್ಲಿ ಹಾರ್ಡ್ ಡಿಸ್ಕಿನ ಹಳೆಯ ಲ್ಯಾಪ್‌ಟಾಪ್ ಇದ್ದರೆ, ಎಸೆಯುವ ಮೊದಲು ಅದಕ್ಕೊಂದು ಎಸ್‌ಎಸ್‌ಡಿ ಹಾಕಿಸಿ ನೋಡಿ. ತೀರಾ ಅಗ್ಗದ ಹೊಸ ಯಂತ್ರಗಳಲ್ಲಿ ಇಎಮ್‌ಎಮ್‌ಸಿ ಎಂಬ ನಿಧಾನದ ಸಂಗ್ರಹ ಇರುತ್ತದೆ, ಅದು ಎಸ್‌ಎಸ್‌ಡಿ ಅಲ್ಲ. ಸಾಮಾನ್ಯ ಬಳಕೆಗೆ 512 ಜಿಬಿ ಸಾಕು.

512 ಜಿಬಿ ಎಂದು ಕೊಂಡದ್ದು ಯಂತ್ರದಲ್ಲಿ 476 ಎಂದು ತೋರಿಸುವುದನ್ನು ಕಂಡು ಮೋಸಹೋದೆವೆಂದು ಅಂಗಡಿಗೆ ಮರಳುವವರಿದ್ದಾರೆ. ಇಲ್ಲಿ ಮೋಸವಿಲ್ಲ, ಎರಡು ಅಳತೆಗೋಲುಗಳಿವೆ. ತಯಾರಕರು ನೂರು ಕೋಟಿ ಬೈಟ್‌ಗಳನ್ನು ಒಂದು ಗಿಗಾಬೈಟ್ ಎನ್ನುತ್ತಾರೆ. ವಿಂಡೋಸ್ 2ರ 30ನೆಯ ಘಾತವನ್ನು, ಅಂದರೆ 107,37,41,824 ಬೈಟ್‌ಗಳನ್ನು ಒಂದು ಗಿಗಾಬೈಟ್ ಎನ್ನುತ್ತದೆ. ಭಾಗಿಸಿ ನೋಡಿ, 476.8 ಬರುತ್ತದೆ.

ಕನ್ನಡ ಓದಲು ತೆರೆ

ದಿನಕ್ಕೆ ಆರೇಳು ಗಂಟೆ ನೋಡುವುದು ತೆರೆಯನ್ನು. ಬೆಲೆ ಇಳಿಸಬೇಕಾದಾಗ ತಯಾರಕರು ಮೊದಲು ಕೈ ಹಾಕುವುದೂ ಅದಕ್ಕೇ. 15.6 ಅಂಗುಲದ ತೆರೆಯಲ್ಲಿ 1366×768 ಚುಕ್ಕೆಗಳಿದ್ದರೆ ಅಂಗುಲಕ್ಕೆ ಸುಮಾರು 100 ಚುಕ್ಕೆ. 1920×1080 ಇದ್ದರೆ ಸುಮಾರು 141. ಇಂಗ್ಲಿಷ್ ಅಕ್ಷರಗಳಿಗೆ ಈ ವ್ಯತ್ಯಾಸ ಅಷ್ಟಾಗಿ ಕಾಡದು, ಕನ್ನಡಕ್ಕೆ ಕಾಡುತ್ತದೆ. ಒಂದು ಪಾಯಿಂಟ್ ಎಂದರೆ ಅಂಗುಲದ 72ನೆಯ ಒಂದು ಭಾಗ. 11 ಪಾಯಿಂಟಿನ ಅಕ್ಷರದ ಸಾಲಿಗೆ ಮೊದಲ ತೆರೆಯಲ್ಲಿ 15 ಚುಕ್ಕೆಗಳ ಎತ್ತರ ಸಿಗುತ್ತದೆ. "ರಾಷ್ಟ್ರ" ಎಂಬ ಪದದಲ್ಲಿ ಷಕಾರದ ಕೆಳಗೆ ಟಕಾರದ ಒತ್ತು, ಅದರ ಪಕ್ಕದಲ್ಲಿ ರಕಾರದ ಒತ್ತು ಇವೆಲ್ಲ ಆ ಹದಿನೈದರೊಳಗೇ ಮೂಡಬೇಕು. ಒತ್ತಿಗೆ ಉಳಿಯುವುದು ನಾಲ್ಕೈದು ಚುಕ್ಕೆ. ಅಲ್ಲಿ ಯಾವ ಒತ್ತು ಎಂಬುದನ್ನು ಕಣ್ಣು ಓದುವುದಿಲ್ಲ, ಮನಸ್ಸು ಊಹಿಸುತ್ತದೆ. ಎರಡನೆಯ ತೆರೆಯಲ್ಲಿ ಅದೇ ಸಾಲಿಗೆ 21 ಚುಕ್ಕೆಗಳಿಗೂ ಹೆಚ್ಚು. ಕನ್ನಡದಲ್ಲಿ ಪ್ರಬಂಧ ಬರೆಯುವವರು 1920×1080ಕ್ಕಿಂತ ಕೆಳಗಿನ ತೆರೆಯನ್ನು ಒಪ್ಪಬಾರದು.

ಐಪಿಎಸ್ ಬಗೆಯ ತೆರೆಯನ್ನು ಬದಿಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಟಿಎನ್ ಬಗೆಯದು ಸ್ವಲ್ಪ ಓರೆಯಾದರೂ ಮಂಕಾಗುತ್ತದೆ. ಪ್ರಕಾಶವನ್ನು ನಿಟ್ ಎಂಬ ಮಾನದಲ್ಲಿ ಕೊಡುತ್ತಾರೆ. 250 ನಿಟ್ ಕೋಣೆಯೊಳಗೆ ಸಾಕು; ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುವವರಿಗೆ 300 ಅಥವಾ ಹೆಚ್ಚು ಇದ್ದರೆ ಮೇಲು. ಬಣ್ಣದ ವಿವರದಲ್ಲಿ "45% ಎನ್‌ಟಿಎಸ್‌ಸಿ" ಎಂದು ಕಂಡರೆ ಬಣ್ಣಗಳು ಪೇಲವವಾಗಿರುತ್ತವೆ. ಚಿತ್ರ, ವಿಡಿಯೋ ಕೆಲಸದವರಿಗೆ ಅದು ತಕ್ಕುದಲ್ಲ, ಉಳಿದವರಿಗೆ ಚಿಂತೆಯಿಲ್ಲ.

ತೂಕವನ್ನೂ ಕೈಯಲ್ಲಿ ಎತ್ತಿ ನೋಡಿ. 1981ರಲ್ಲಿ ಮಾರುಕಟ್ಟೆಗೆ ಬಂದ ಆಸ್‌ಬಾರ್ನ್-1 ಎಂಬ "ಒಯ್ಯಬಲ್ಲ" ಗಣಕ ಸುಮಾರು 11 ಕಿಲೋಗ್ರಾಂ ತೂಗುತ್ತಿತ್ತು, ಅದರ ತೆರೆ 5 ಅಂಗುಲದ್ದು, ಬ್ಯಾಟರಿ ಇರಲೇ ಇಲ್ಲ. ಅದಕ್ಕೆ ಹೋಲಿಸಿದರೆ ಇಂದಿನ ಎರಡು ಕಿಲೋ ಏನೂ ಅಲ್ಲ ಎನ್ನಿಸಬಹುದು. ಆದರೆ ಆಸ್‌ಬಾರ್ನ್ ಹೊತ್ತವರು ದಿನಾ ಬಸ್ಸಿನಲ್ಲಿ ನಿಂತು ಕಾಲೇಜಿಗೆ ಹೋಗುತ್ತಿರಲಿಲ್ಲ. ಓಡಾಡುವವರಿಗೆ 14 ಅಂಗುಲ, ಒಂದೂವರೆ ಕಿಲೋ ಹಿತಕರ. ಹಾಸ್ಟೆಲಿನ ಮೇಜಿನ ಮೇಲೇ ಇರುವುದಾದರೆ 15.6 ಅಂಗುಲವಿರಲಿ.

ಬ್ಯಾಟರಿಯ ಲೆಕ್ಕ

"12 ಗಂಟೆ ಬಾಳಿಕೆ" ಎಂಬ ಬರಹವನ್ನು ಬದಿಗಿಟ್ಟು ವಾಟ್-ಅವರ್ ಎಂಬ ಸಂಖ್ಯೆಯನ್ನು ಹುಡುಕಿ. ಬ್ಯಾಟರಿಯಲ್ಲಿ ಹಿಡಿಸುವ ಶಕ್ತಿಯ ಅಳತೆ ಅದು. 50 ವಾಟ್-ಅವರ್ ಬ್ಯಾಟರಿಯ ಯಂತ್ರ ಬರವಣಿಗೆಯಂತಹ ಹಗುರ ಕೆಲಸದಲ್ಲಿ 10 ವಾಟ್ ಬಳಸಿದರೆ 5 ಗಂಟೆ ನಡೆಯುತ್ತದೆ. ಭಾರದ ಕೆಲಸದಲ್ಲಿ 40 ವಾಟ್ ಬಳಸಿದರೆ ಒಂದೂಕಾಲು ಗಂಟೆ. ಜಾಹೀರಾತಿನ ಗಂಟೆಗಳನ್ನು ಸಾಮಾನ್ಯವಾಗಿ ತೆರೆಯ ಪ್ರಕಾಶ ತಗ್ಗಿಸಿ ಅಳೆದಿರುತ್ತಾರೆ. 36 ಅಥವಾ 42 ವಾಟ್-ಅವರ್ ಬ್ಯಾಟರಿ ಹಾಕಿ ಬೆಲೆ ಇಳಿಸಿದ ಮಾದರಿಗಳಿವೆ. ದಿನವಿಡೀ ತರಗತಿ ಇರುವವರು 50ಕ್ಕಿಂತ ಕಡಿಮೆ ಒಪ್ಪಬೇಡಿ. ಅಂದಹಾಗೆ, ಇಂಥ ಬ್ಯಾಟರಿಯನ್ನು ಒಮ್ಮೆ ತುಂಬಲು ಚಾರ್ಜರಿನ ನಷ್ಟವೂ ಸೇರಿ 60 ವಾಟ್-ಅವರ್, ಅಂದರೆ 0.06 ಯೂನಿಟ್ ವಿದ್ಯುತ್ ಸಾಕು. ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಂಡರೆ 36 ಪೈಸೆ. ಲ್ಯಾಪ್‌ಟಾಪ್ ಚಾರ್ಜು ಮಾಡಿ ಬಿಲ್ಲು ಏರಿಸಿದರೆಂದು ಬಾಡಿಗೆದಾರರ ಮೇಲೆ ಮುನಿಸಿಕೊಳ್ಳುವ ಮನೆ ಮಾಲೀಕರಿಗೆ ಈ ಲೆಕ್ಕ ತೋರಿಸಬಹುದು.

ಲ್ಯಾಪ್‌ಟಾಪ್‌ಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಬ್ಯಾಟರಿಯ ಹಿಂದಿನ ಸಂಶೋಧನೆಗೆ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಅವರಿಗೆ 2019ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಗ್ರ್ಯಾಫೈಟ್ ಪದರಗಳ ನಡುವೆ ಹೋಗಿ ಕೂರುತ್ತವೆ, ಬಳಸುವಾಗ ಮರಳುತ್ತವೆ. ಪ್ರತಿ ಓಡಾಟದಲ್ಲೂ ಒಂದಿಷ್ಟು ಲಿಥಿಯಂ ಗ್ರ್ಯಾಫೈಟಿನ ಮೇಲ್ಮೈಯ ಪೊರೆಯಲ್ಲಿ ಸಿಕ್ಕಿಬಿದ್ದು ಮರಳುವುದೇ ಇಲ್ಲ. ಹೀಗೆ ಸಾಮರ್ಥ್ಯ ಸವೆಯುತ್ತದೆ. ಸಾಮಾನ್ಯವಾಗಿ 300ರಿಂದ 500 ಪೂರ್ಣ ಆವರ್ತಗಳ ನಂತರ ಮೂಲ ಸಾಮರ್ಥ್ಯದ 80% ಉಳಿಯುತ್ತದೆ. ಉತ್ತಮ ಬ್ಯಾಟರಿಗಳು 1000 ಆವರ್ತಗಳವರೆಗೂ ಬರುತ್ತವೆ.

ಈ ಸವೆತವನ್ನು ಹೆಚ್ಚಿಸುವುದು ಎರಡು ಸಂಗತಿ: ಬ್ಯಾಟರಿ ಸದಾ ಪೂರ್ತಿ ತುಂಬಿರುವುದು ಮತ್ತು ಶಾಖ. ಸದಾ ಚಾರ್ಜರಿಗೆ ಸಿಕ್ಕಿಸಿಯೇ ಬಳಸುವವರು, ಹಲವು ಯಂತ್ರಗಳಲ್ಲಿರುವ "80%ಗೆ ನಿಲ್ಲಿಸು" ಎಂಬ ಸೌಲಭ್ಯವನ್ನು ಬಳಸಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಹಾಸ್ಟೆಲುಗಳಲ್ಲಿ ಹಾಸಿಗೆಯ ಮೇಲಿಟ್ಟು ಬಳಸಿದರೆ ಗಾಳಿಯ ಕಿಂಡಿ ಮುಚ್ಚಿಹೋಗಿ ಒಳಗಿನ ಶಾಖ ಇನ್ನೂ ಏರುತ್ತದೆ. ಒಂದು ರಟ್ಟಿನ ಹಲಗೆ ಸಾಕು, ದುಬಾರಿ ಫ್ಯಾನಿನ ಪೀಠವೇನೂ ಬೇಡ. ಸ್ಪರ್ಶಫಲಕ ಮೇಲೆದ್ದಂತೆ ಕಂಡರೆ ಅಥವಾ ತಳ ಉಬ್ಬಿದರೆ ಬ್ಯಾಟರಿ ಊದಿದೆಯೆಂದು ಅರ್ಥ. ಚಾರ್ಜು ಮಾಡುವುದನ್ನು ಕೂಡಲೇ ನಿಲ್ಲಿಸಿ ದುರಸ್ತಿ ಕೇಂದ್ರಕ್ಕೆ ಒಯ್ಯಿರಿ. ಒತ್ತುವುದಾಗಲಿ ಚುಚ್ಚುವುದಾಗಲಿ ಬೆಂಕಿಯನ್ನು ಆಹ್ವಾನಿಸಿದಂತೆ. ಇನ್ನೊಂದು ಮಾತು: ಲೋಹದ ಮೈಯ ಲ್ಯಾಪ್‌ಟಾಪನ್ನು ಚಾರ್ಜಿನಲ್ಲಿ ಮುಟ್ಟಿದಾಗ ಕೈ ಜುಮ್ಮೆಂದರೆ, ಮೊದಲು ಕೋಣೆಯ ಪ್ಲಗ್ಗಿನಲ್ಲಿ ಭೂಸಂಪರ್ಕ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ. ಮೂರನೆಯ ಪಿನ್ನನ್ನು ಮುರಿದು ಎರಡು ಪಿನ್ನಿನ ಕಿಂಡಿಗೆ ತುರುಕುವುದು ಅಪಾಯಕರ.

ಪ್ರತ್ಯೇಕ ಚಿತ್ರ ಸಂಸ್ಕಾರಕದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೂರು ಆಯಾಮದ ವಿನ್ಯಾಸ, ಅನಿಮೇಷನ್, ವಿಡಿಯೋ ಇವಿದ್ದರೆ ಬೇಕು. ಇಲ್ಲದಿದ್ದರೆ ಅದರ ಹಣ ಆಟಕ್ಕೆ ಹೋದಂತೆ. ಯಂತ್ರಕಲಿಕೆ ಕಲಿಯುವವರು ಆರಂಭದಲ್ಲಿ ಗೂಗಲ್ ಕೊಲ್ಯಾಬ್‌ನಂತಹ ಸೇವೆಗಳಲ್ಲಿ ಮಿತಿಯೊಳಗೆ ಉಚಿತವಾಗಿ ಸಿಗುವ ದೂರದ ಚಿತ್ರ ಸಂಸ್ಕಾರಕವನ್ನೇ ಬಳಸಬಹುದು. ಕೊಳ್ಳುವುದಾದರೆ ಹೆಸರೊಂದನ್ನೇ ನೋಡಬೇಡಿ. ಎನ್ವಿಡಿಯಾದ ಆರ್‌ಟಿಎಕ್ಸ್ 4050 ಎಂಬ ಒಂದೇ ಚಿಪ್ಪನ್ನು ಲ್ಯಾಪ್‌ಟಾಪ್ ತಯಾರಕರು 35ರಿಂದ 115 ವಾಟ್‌ವರೆಗೆ ತಮಗೆ ಬೇಕಾದ ಮಿತಿಯಲ್ಲಿ ಹೊಂದಿಸುತ್ತಾರೆ. ಕಡಿಮೆ ಮಿತಿಯದು ಅದೇ ಹೆಸರಿನ ಹೆಚ್ಚು ಮಿತಿಯದರ ವೇಗವನ್ನು ಮುಟ್ಟುವುದಿಲ್ಲ.

ಹಳೆಯದೂ ಆಗಬಹುದು

ಹಣ ಕಡಿಮೆ ಇದ್ದಾಗ ತೀರಾ ಅಗ್ಗದ ಹೊಸ ಯಂತ್ರಕ್ಕಿಂತ, ಕಚೇರಿಗಳಲ್ಲಿ ಬಳಸಿ ಬಿಟ್ಟು ನಂತರ ದುರಸ್ತಿಗೊಳಿಸಿ ಮಾರುವ ಉದ್ಯಮ ವರ್ಗದ ಲ್ಯಾಪ್‌ಟಾಪ್ ಮೇಲೆಂದು ನನಗೆ ಅನಿಸುತ್ತದೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಸಾಲಿನವು ಇಂಥವು. ಇವುಗಳ ಕೀಲು, ಕೀಲಿಮಣೆ ಗಟ್ಟಿ. ಹಲವು ಮಾದರಿಗಳಲ್ಲಿ ಸ್ಮೃತಿ, ಎಸ್‌ಎಸ್‌ಡಿ, ಬ್ಯಾಟರಿಗಳನ್ನು ಬದಲಾಯಿಸಲೂಬಹುದು. ಆದರೆ ಇಂಟೆಲ್ 8ನೆಯ ಪೀಳಿಗೆಗಿಂತ ಹಳೆಯದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. 7ನೆಯ ಪೀಳಿಗೆಯ ಬಹುತೇಕ ಎಲ್ಲ ಸಂಸ್ಕಾರಕಗಳು ಮತ್ತು ಅದಕ್ಕೂ ಹಿಂದಿನವು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಲಿನಕ್ಸ್ ಬಳಸುವುದಾದರೆ ಈ ಅಡ್ಡಿ ಇಲ್ಲ, ಹತ್ತು ವರ್ಷ ಹಳೆಯ ಯಂತ್ರವೂ ಅದರಲ್ಲಿ ಚುರುಕಾಗಿ ನಡೆಯುತ್ತದೆ. ಬಳಸಿದ ಯಂತ್ರ ಕೊಳ್ಳುವಾಗ ಬ್ಯಾಟರಿ ವರದಿಯನ್ನು ತೆಗೆಸಿ ನೋಡಿ. ತಯಾರಾದಾಗಿನ ಸಾಮರ್ಥ್ಯ, ಈಗ ಪೂರ್ತಿ ತುಂಬಿದಾಗಿನ ಸಾಮರ್ಥ್ಯ ಎರಡನ್ನೂ ವಿಂಡೋಸ್ ತಾನೇ ಕೊಡುತ್ತದೆ. ಗಣಕ ಏಳುವ ಮುನ್ನಿನ ಬಯೋಸ್ ವ್ಯವಸ್ಥೆಗೆ ಹಳೆಯ ಕಚೇರಿಯ ಗುಪ್ತಪದ ಹಾಕಿ ಉಳಿದಿದ್ದರೆ ಅಂಥದನ್ನು ಮುಟ್ಟಬೇಡಿ.

ಕನ್ನಡದ ಬರವಣಿಗೆಗೆ ಇಂದು ಯಾವ ಯಂತ್ರವೂ ಆದೀತು. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸ ಮೊದಲೇ ಇದೆ, ಲಿನಕ್ಸ್‌ನಲ್ಲಿ ಕೆ.ಪಿ. ರಾವ್ ಅವರು ರೂಪಿಸಿದ ಜಾಡಿನ ಕಗಪ ವಿನ್ಯಾಸವೂ ಸಿಗುತ್ತದೆ. ನುಡಿ, ಬರಹಗಳ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಅಲ್ಲದ ಸಂಕೇತದಲ್ಲಿ ಉಳಿಸಿದ ಕಡತಗಳನ್ನು ಮಾತ್ರ ಪರಿವರ್ತಿಸಿಕೊಳ್ಳಬೇಕಾಗುತ್ತದೆ. ಲಿಬ್ರೆಆಫೀಸ್ ಉಚಿತ. ಹಲವು ಕಾಲೇಜುಗಳು ತಮ್ಮ ಇ-ಅಂಚೆ ವಿಳಾಸದ ಜೊತೆಗೆ ಮೈಕ್ರೋಸಾಫ್ಟ್ ಆಫೀಸನ್ನೂ ಕೊಡುತ್ತವೆ, ವಿಚಾರಿಸಿ.

ಕೊಳ್ಳುವ ದಿನ ವಾರಂಟಿಯ ಬಗೆಯನ್ನು ಬರಹದಲ್ಲಿ ನೋಡಿ. ದುರಸ್ತಿಗಾರರು ನೀವಿದ್ದಲ್ಲಿಗೇ ಬರುತ್ತಾರೆಯೇ, ಇಲ್ಲ ನೀವೇ ಹೊತ್ತೊಯ್ಯಬೇಕೇ? ಬರುವುದಾದರೆ ನಿಮ್ಮ ಊರಿನ ಪಿನ್‌ಕೋಡಿಗೆ ಅದು ಅನ್ವಯಿಸುತ್ತದೆಯೇ? ಬೆಂಗಳೂರಿನಲ್ಲಿ ಕೊಂಡು ಕಾರವಾರದಲ್ಲಿ ಓದುವವರಿಗೆ ಈ ಪ್ರಶ್ನೆ ಸಂಸ್ಕಾರಕದ ವೇಗಕ್ಕಿಂತ ದೊಡ್ಡದು. ಬಿದ್ದು ಒಡೆದರೆ, ಚಹಾ ಚೆಲ್ಲಿದರೆ ಸಾಮಾನ್ಯ ವಾರಂಟಿ ಒದಗುವುದಿಲ್ಲ. ಅದಕ್ಕೆ ಪ್ರತ್ಯೇಕ ರಕ್ಷಣೆ ಕೊಳ್ಳಬೇಕು. ಬಿಲ್ಲಿನ ಕ್ರಮಸಂಖ್ಯೆ ಯಂತ್ರದ ತಳದ ಸಂಖ್ಯೆಗೆ ತಾಳೆಯಾಗಬೇಕು. ಯಂತ್ರದ ಮೇಲೂ ಚಾರ್ಜರಿನ ಮೇಲೂ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇರಬೇಕು. ಮೊದಲ ವಾರ ಎಲ್ಲ ಕೀಲಿಗಳನ್ನೂ ಒತ್ತಿ, ಎಲ್ಲ ಕಿಂಡಿಗಳಿಗೂ ಏನಾದರೊಂದು ಜೋಡಿಸಿ, ತೆರೆಯಲ್ಲಿ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಸತ್ತ ಚುಕ್ಕೆಗಳಿವೆಯೇ ಎಂದು ನೋಡಿ. ಬದಲಿ ಕೊಡುವ ಅವಧಿ ಅಂಗಡಿಗಳಲ್ಲಿ ಬಹಳ ಚಿಕ್ಕದು.

ಕೊನೆಯದಾಗಿ ಬಹುಮಂದಿ ಗಮನಿಸದ ಒಂದು ವಿಷಯ. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕ ಕೂಡಲೇ ಎಸ್‌ಎಸ್‌ಡಿಯಲ್ಲಿನ ಮಾಹಿತಿ ನಿಮ್ಮನ್ನು ಕೇಳದೆಯೇ ಗೂಢಲಿಪಿಗೆ ಒಳಗಾಗುವುದು ಈಗ ಸಾಮಾನ್ಯ. ಲ್ಯಾಪ್‌ಟಾಪ್ ಕಳುವಾದರೆ ಇದು ವರ. ಆದರೆ ಮುಖ್ಯ ಫಲಕ ಬದಲಾಯಿಸಿದಾಗ ಅಥವಾ ದುರಸ್ತಿಯ ನಂತರ ಯಂತ್ರ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕೇಳಬಹುದು. ಅದು ಇಲ್ಲದಿದ್ದರೆ ಅಂತಿಮ ವರ್ಷದ ಪ್ರಾಜೆಕ್ಟು ವರದಿಯೂ ಸೇರಿ ಎಲ್ಲವೂ ಹೋದಂತೆಯೇ, ಯಾವ ದುರಸ್ತಿಗಾರರೂ ತೆಗೆದುಕೊಡಲಾರರು. ಆ ಕೀಲಿ ನಿಮ್ಮ ಖಾತೆಯ ಪುಟದಲ್ಲಿ ಇರುತ್ತದೆ. ಯಂತ್ರ ಮನೆಗೆ ಬಂದ ಮೊದಲ ದಿನವೇ ಅದನ್ನು ಕಾಗದದ ಮೇಲೆ ಬರೆದು, ಲ್ಯಾಪ್‌ಟಾಪಿನ ಚೀಲದಲ್ಲಲ್ಲ, ಅಂಕಪಟ್ಟಿಗಳನ್ನು ಇಡುವ ಕಡತದಲ್ಲಿ ಇಡಿ.